ಮದುವೆ ಮದ್ದಲ್ಲ

“ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ!” ಮುಟ್ಟಿನ ದಿನ ಹೊಟ್ಟೆ ಹಿಡಿದು ಮಲಗಿದ ಹುಡುಗಿಗೆ ನಮ್ಮ ಮನೆಗಳಲ್ಲಿ ದೊರೆಯುವ ಮೊದಲ ಔಷಧ ಈ ಮಾತು. ಎರಡನೆಯದು ಜೀರಿಗೆ ಕಷಾಯ. ಮೂರನೆಯದು, ಮದುವೆಯಾಗಿ ಒಂದು ಮಗುವಾದರೆ ಎಲ್ಲ ತಾನೇ ಸರಿಹೋಗುತ್ತದೆಂಬ ಭರವಸೆ. ಕಷಾಯದೊಡನೆ ನನಗೆ ಜಗಳವಿಲ್ಲ. ಉಳಿದೆರಡರೊಡನೆ ಉಂಟು.

ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಬಾಯಿಗೆ ಒರಟು; ಸಂಗತಿ ಅಷ್ಟು ಕಠಿಣವಲ್ಲ. ಗರ್ಭಕೋಶದ ಒಳಪೊರೆಯನ್ನು ಹೋಲುವ ಪೊರೆ ಗರ್ಭಕೋಶದ ಹೊರಗೆ ಬೆಳೆದು, ತಿಂಗಳು ತಿಂಗಳೂ ತಾನೂ ರಕ್ತ ಸುರಿಸುತ್ತದೆ. ಆ ರಕ್ತಕ್ಕೆ ಹೊರಗೆ ಬರಲು ದಾರಿಯಿಲ್ಲ. ಕೆಲವರಿಗೆ ಅದು ಅಂಡಾಶಯದಲ್ಲಿ ಚೀಲಗಟ್ಟಿ, ಹಳತಾಗಿ, ಕಂದು ಬಣ್ಣದ ಮಂದ ದ್ರವವಾಗುತ್ತದೆ. ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ನರು 1921ರಲ್ಲಿಯೇ ಈ “ಚಾಕೊಲೇಟ್” ಚೀಲವನ್ನು ವರ್ಣಿಸಿದರು. ನೂರು ವರ್ಷ ದಾಟಿತು. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ವ್ಯಾಧಿಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. “ನಮ್ಮ ಕಾಲದಲ್ಲಿ ಇದೆಲ್ಲ ಇತ್ತೆ?” ಎನ್ನುವ ಹಿರಿಯರಿಗೆ ನನ್ನ ಉತ್ತರ: ಇತ್ತು, ಹೆಸರು ಕೇಳಿರಲಿಲ್ಲ, ಅಷ್ಟೆ.

ಇನ್ನು ಮದುವೆಯ ಮಾತು. ಬಸಿರಿನಲ್ಲಿ ಮುಟ್ಟು ನಿಂತು ಕೆಲವರಿಗೆ ನೋವು ತಗ್ಗೀತು. ಅದು ಬಿಡುವು, ಗುಣವಲ್ಲ. ಮೇಲಾಗಿ ಬಸಿರಾಗುವುದಕ್ಕೇ ಹಲವರಲ್ಲಿ ಈ ವ್ಯಾಧಿ ಅಡ್ಡಿ. ಕಾಲು ಮುರಿದವನಿಗೆ ಬೆಟ್ಟ ಹತ್ತಿ ಬಾ, ಕಾಲು ಕೂಡೀತು ಎಂದಂತೆ! ಆಮೇಲೆ ಮಗುವಾಗಲಿಲ್ಲವೆಂಬ ದೂಷಣೆಯೂ ಅವಳ ತಲೆಗೇ.

ನನ್ನ ತಂಗಿಯ ಮಗಳು ಎಂಟು ವರ್ಷ ಇದನ್ನೇ ಕೇಳಿದಳು. ಕೊನೆಗೆ ಸ್ಕ್ಯಾನಿಂಗಿನಲ್ಲಿ ಚೀಲ ಕಂಡದ್ದೇ ತಡ, ಅದೇ ಬಂಧುಗಳು “ನಾಳೆಯೇ ಆಪರೇಷನ್ ಮಾಡಿಸಿಬಿಡಿ” ಎಂದು ಎದ್ದು ನಿಂತರು. ನೋವಿಗೆ ತಾತ್ಸಾರ, ಚೀಲಕ್ಕೆ ಗಾಬರಿ! (ರಕ್ತಪರೀಕ್ಷೆಯಲ್ಲಿ ಸಿಎ-125 ಏರಿದೆಯೆಂದು ಒಬ್ಬರು ಅತ್ತೂ ಬಿಟ್ಟರು. ಕ್ಯಾನ್ಸರಿಲ್ಲದೆ ಈ ವ್ಯಾಧಿಯಲ್ಲಿಯೂ ಅದು ಏರುತ್ತದೆ.)

ಕತ್ತಿಯ ಅವಸರವನ್ನೂ ನಾನು ಒಪ್ಪಲಾರೆ. ಅಂಡಾಶಯದ ಅಂಡಗಳು ಹುಟ್ಟಿನಿಂದಲೇ ಎಣಿಸಿಟ್ಟ ಗಂಟು. ಚೀಲವನ್ನು ಬಿಡಿಸಿ ತೆಗೆಯುವಾಗ ಅದರಲ್ಲಿ ಒಂದಿಷ್ಟು ಕರಗುತ್ತದೆ. ದ್ರವವನ್ನಷ್ಟೇ ಬಸಿದರೆ ಚೀಲ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಡೈನೋಜೆಸ್ಟಿನಂಥ ಹಾರ್ಮೋನು ಮಾತ್ರೆ ನೋವನ್ನು ತಗ್ಗಿಸುತ್ತದೆ, ಚೀಲವನ್ನೂ ಕುಗ್ಗಿಸೀತು. ಆದರೆ ಮಗು ಬೇಕೆನ್ನುವವರು ಆಗ ಅದನ್ನು ನುಂಗುವಂತಿಲ್ಲ. ಮಾತ್ರೆಗೆ ಬಗ್ಗದ ನೋವು, ಬೆಳೆಯುತ್ತಿರುವ ಚೀಲ, ಕ್ಯಾನ್ಸರಿನ ಸಂಶಯ ಇದ್ದಲ್ಲಿ ಆಪರೇಷನ್ ಬೇಕಾದೀತು. ಚೀಲ ಒಡೆದೋ ಅಂಡಾಶಯ ತಿರುಚಿಕೊಂಡೋ ಹಠಾತ್ತನೆ ಅಸಾಧ್ಯ ನೋವೆದ್ದರಂತೂ ಆ ಗಳಿಗೆಯೇ ಆಸ್ಪತ್ರೆ. ಉಳಿದ ಸಂದರ್ಭದಲ್ಲಿ ವೈದ್ಯರನ್ನು ಕೇಳಲು ಬೇಕಾದಷ್ಟು ಪ್ರಶ್ನೆಗಳಿವೆ: ಅಂಡದ ಸಂಗ್ರಹ ಎಷ್ಟಿದೆ? ಎಎಂಎಚ್ ಪರೀಕ್ಷೆ ಮಾಡಿಸೋಣವೆ? ಮತ್ತೆ ಬರದಂತೆ ಏನು ಕೊಡುತ್ತೀರಿ?

ಈ ಪ್ರಶ್ನೆಗಳನ್ನು ಕೇಳಬೇಕಾದವಳು ಅವಳು. ವೈದ್ಯರ ಕೋಣೆಯಲ್ಲಿ ಅತ್ತೆ, ಗಂಡ, ಚಿಕ್ಕಪ್ಪ ಇವರೆಲ್ಲ ಮಾತನಾಡಿ ಮುಗಿಸುವುದನ್ನು ನಾನು ನೋಡಿದ್ದೇನೆ.