ಎಡವಿದ ಕಲ್ಲು, ಎದ್ದ ಅರಮನೆ

ಮೊಮ್ಮಗಳ ಯೂನಿಫಾರ್ಮ್ ಒಗೆಯಲು ಹಾಕುವ ಮೊದಲು ಜೇಬು ತಡಕುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಕಳೆದ ವಾರ ಏಳು ಕಲ್ಲು ಸಿಕ್ಕವು. "ಮೆಷೀನ್ ಕೆಟ್ಟರೆ ರಿಪೇರಿಗೆ ಯಾರು ದುಡ್ಡು ಕೊಡ್ತಾರೆ?" ಎಂದು ಅವಳ ಅಜ್ಜಿ ರೇಗಿದಳು. ಕಲ್ಲುಗಳನ್ನು ಎಸೆಯಲು ಅಂಗಳಕ್ಕೆ ಹೋದವನು ಹಾಗೇ ನಿಂತೆ. ಫ್ರಾನ್ಸಿನ ಒಬ್ಬ ಅಂಚೆಯಣ್ಣನ ನೆನಪಾಯಿತು. ಮಕ್ಕಳೇ, ಈ ವಾರ ಅವನ ಊರಿಗೆ ಹೋಗೋಣ ಬನ್ನಿ.

ಭೂಪಟ ಬಿಡಿಸಿ ಲಿಯೋನ್ ನಗರ ಹುಡುಕಿ. ಅಲ್ಲಿಂದ ರೋನ್ ನದಿಯ ಗುಂಟ ಬೆರಳನ್ನು ದಕ್ಷಿಣಕ್ಕೆ ಜಾರಿಸಿ. ಪೂರ್ವದಿಂದ ಗಲೋರ್ ಎಂಬ ಪುಟ್ಟ ಹೊಳೆ ಬಂದು ರೋನ್ ಸೇರುತ್ತದೆ. ಆ ಹೊಳೆಯ ಕಣಿವೆಯಲ್ಲಿ, ದ್ರೋಮ್ ಜಿಲ್ಲೆಯ ಗುಡ್ಡಗಳ ನಡುವೆ ಓತ್‌ರೀವ್ ಇದೆ. ಹೆಸರಿನ ಅರ್ಥ ‘ಎತ್ತರದ ದಡ’. ನಮ್ಮಲ್ಲಿ ಗ್ರಾಮ ಪಂಚಾಯಿತಿ ಇದ್ದ ಹಾಗೆ ಅಲ್ಲಿ ಕೊಮ್ಯೂನ್. ಫ್ರಾನ್ಸಿನಲ್ಲಿ ಅಂಥವು 35,000ದಷ್ಟಿವೆ. ಇದು ಅವುಗಳಲ್ಲೊಂದು, ಸುಮಾರು ಎರಡು ಸಾವಿರ ಜನರ ಊರು.

ಕೋಟಿಗೂ ಮಿಕ್ಕಿದ ವರ್ಷಗಳ ಹಿಂದೆ ಈ ಕಣಿವೆಯಲ್ಲಿ ಸಮುದ್ರವಿತ್ತು. ಅದು ಬಿಟ್ಟುಹೋದ ಮರಳು ಮರಳುಗಲ್ಲಾಯಿತು. ನೀರು ಅದನ್ನು ಕೊರೆದೂ ಸವೆಸಿಯೂ ಚಿತ್ರವಿಚಿತ್ರ ಆಕಾರ ಕೊಟ್ಟಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಆ ಕಲ್ಲಿನದೇ.

ಫರ್ಡಿನಾಂಡ್ ಶೆವಾಲ್ ಅಲ್ಲಿನ ಅಂಚೆಯವನು. ಶೆವಾಲ್ ಎಂದರೆ ಕುದುರೆ. ಕುದುರೆಯೇನೂ ಇರಲಿಲ್ಲ ಪಾಪ, ದಿನಕ್ಕೆ ಸುಮಾರು 32 ಕಿಲೋಮೀಟರ್ ನಡೆದೇ ಕಾಗದ ಹಂಚುತ್ತಿದ್ದ. 1879ರ ಒಂದು ದಿನ ದಾರಿಯಲ್ಲಿ ಎಡವಿದ. ಆಗ ಅವನಿಗೆ 43 ವರ್ಷ. ಎಡವಿದ ಕಲ್ಲನ್ನು ಬೈಯುವ ಬದಲು ಕೈಗೆತ್ತಿಕೊಂಡು ನೋಡಿದ. ಎಷ್ಟು ಚೆಂದ! ಜೇಬಿಗೆ ಹಾಕಿಕೊಂಡ. ಮರುದಿನ ಅದೇ ಜಾಗದಲ್ಲಿ ಇನ್ನಷ್ಟು ಸಿಕ್ಕವು. ಜೇಬು ಹರಿದವು, ಹೆಂಡತಿ ಹೊಲಿದು ಹೊಲಿದು ಗೊಣಗಿದಳಂತೆ. ಆಮೇಲೆ ಬುಟ್ಟಿ ಹಿಡಿದ. ಕೊನೆಗೆ ಒಂದೇ ಚಕ್ರದ ತಳ್ಳುಗಾಡಿ. ಹಗಲು ಅಂಚೆ ಕೆಲಸ, ರಾತ್ರಿ ದೀಪದ ಬೆಳಕಿನಲ್ಲಿ ಸುಣ್ಣ, ಸಿಮೆಂಟ್, ಕಲ್ಲು. ಊರವರು ತಲೆಕೆಟ್ಟವನು ಎಂದರು. ಗಾರೆ ಕೆಲಸ ಅವನಿಗೆ ಯಾರೂ ಕಲಿಸಿರಲಿಲ್ಲ.

ಹೀಗೆ ಒಬ್ಬನೇ 33 ವರ್ಷ ಕಟ್ಟಿದ್ದು ‘ಆದರ್ಶ ಅರಮನೆ’. ಉದ್ದ 26 ಮೀಟರ್. ವಾಸಕ್ಕಲ್ಲ, ನೋಡುವುದಕ್ಕೆ. ಮೂವರು ದೈತ್ಯರು, ಪ್ರಾಣಿಗಳು, ಮರಗಳು, ಸುತ್ತು ಮೆಟ್ಟಿಲು. ಒಂದು ಗೋಡೆಯಲ್ಲಿ ಮಸೀದಿಯಿದೆ, ಸ್ವಿಸ್ ಮನೆಯಿದೆ, ನಮ್ಮ ಹಿಂದೂ ದೇವಾಲಯವೂ ಇದೆ! ಅವನು ಭಾರತ ಕಂಡವನಲ್ಲ. ಹಂಚಬೇಕಾದ ಅಂಚೆಯಲ್ಲಿ ಚಿತ್ರದ ಕಾರ್ಡುಗಳು, ನೀವೀಗ ಹಿಡಿದಿರುವಂಥ ಸಚಿತ್ರ ಪತ್ರಿಕೆಗಳು ಇರುತ್ತಿದ್ದವು. ಅವನ್ನು ನೋಡಿಯೇ ಜಗತ್ತು ತಿಳಿದದ್ದು. ಹಾಗಾಗಿ ನಮ್ಮ ದೇವಸ್ಥಾನದ ಹಾಗೆ ಕಾಣದಿದ್ದರೆ ನಗಬೇಡಿ.

ಕಲ್ಲು ಎಡವಿದ ವರ್ಷವೇ ಅವನಿಗೆ ಮಗಳು ಹುಟ್ಟಿದ್ದಳು, ಆಲಿಸ್. ಅರಮನೆಯೂ ಅವಳೂ ಒಟ್ಟಿಗೇ ಬೆಳೆದರು. 1894ರಲ್ಲಿ, 15ನೇ ವಯಸ್ಸಿಗೇ ಅವಳು ತೀರಿಕೊಂಡಳು. ಅರಮನೆಯ ಪಕ್ಕ ಒಂದು ಮನೆ ಕಟ್ಟಿ ಅದಕ್ಕೆ ಅವಳ ಹೆಸರಿಟ್ಟ. ಅರಮನೆಯ ಕೆಲಸವನ್ನೂ ಬಿಡಲಿಲ್ಲ. ಅದು ಮುಗಿದದ್ದು 1912ರಲ್ಲಿ. ಆ 18 ವರ್ಷ ಗಾಡಿ ತಳ್ಳುವಾಗ ಅವನ ಮನಸ್ಸಿನಲ್ಲಿ ಏನಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಜ್ಜ-ಅಜ್ಜಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಸತ್ತ ಮೇಲೆ ಅರಮನೆಯಲ್ಲೇ ತನ್ನನ್ನು ಹೂಳಬೇಕೆಂಬುದು ಅವನ ಆಸೆ. ಕಾನೂನು ಒಪ್ಪಲಿಲ್ಲ. ಸರಿ, 78ರ ಮುದುಕ ಮತ್ತೆ ಕಲ್ಲು ಹೊತ್ತ! ಊರ ಸ್ಮಶಾನದಲ್ಲಿ 8 ವರ್ಷ ದುಡಿದು ತನ್ನ ಸಮಾಧಿ ತಾನೇ ಕಟ್ಟಿಕೊಂಡ. 1924ರಲ್ಲಿ ಅಲ್ಲಿ ಮಲಗಿದ. 1969ರಲ್ಲಿ ಮಂತ್ರಿ ಆಂದ್ರೆ ಮಾಲ್ರೋ ಅರಮನೆಯನ್ನು ಸಂರಕ್ಷಿತ ಸ್ಮಾರಕ ಮಾಡಿದರು. ಅವರ ಇಲಾಖೆಯಲ್ಲೇ ಕೆಲವರು ಇದೆಂಥ ಕುರೂಪ ಎಂದು ಮೂಗು ಮುರಿದಿದ್ದರು. ಈಗ ಆ ಹಳ್ಳಿಗೆ ಜನ ಬರುವುದೇ ಅದನ್ನು ನೋಡಲು.

ಇಷ್ಟು ಹೇಳಿ ಮುಗಿಸಿದಾಗ ಮೊಮ್ಮಗಳು ಕೇಳಿದಳು, "ತಾತಾ, ಆ ಗಾಡಿ ಏನಾಯ್ತು?"

ಅದಕ್ಕೂ ಅರಮನೆಯೊಳಗೆ ಒಂದು ಗೂಡು ಮಾಡಿಟ್ಟಿದ್ದಾನೆ, ದೇವರಿಗೆ ಮಾಡಿದಂತೆ. ಅವಳ ಏಳು ಕಲ್ಲು ಸದ್ಯಕ್ಕೆ ನಮ್ಮ ಕಿಟಕಿಯ ಕಟ್ಟೆಯ ಮೇಲಿವೆ. ಅಜ್ಜಿ ಇನ್ನೂ ನೋಡಿಲ್ಲ.