ಮದಿವಿ ಮನ್ಯಾಗ ಹಚ್ಚದ ಹಾಡು

ಈ ಸಲ ಶೇಂಗಾ ಹೋಳಗಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ ಬರೀತೀನಿ, ಸಿಟ್ಟಾಗಬ್ಯಾಡ್ರಿ. ಇವತ್ತ ಒಂದು ಬ್ಯಾಂಡಿನ ಬಗ್ಗೆ ಹೇಳೋದದ. ಬ್ಯಾಂಡಂದ್ರ ಮೆರವಣಿಗಿ ಬ್ಯಾಂಡಲ್ಲ, ಗಿಟಾರ ಡ್ರಮ್ಮು ಹಿಡಕೊಂಡು ಹಾಡೋ ಹುಡುಗರು. "ಈ ವಯಸ್ಸಿನ್ಯಾಗ ಇಕಿಗೇನಾಗ್ಯಾದ" ಅಂತ ನಗೋರು ನಗ್ರಿ, ಆದ್ರ ಪೂರಾ ಓದ್ರಿ.

ತಂಡದ ಹೆಸರು ಸ್ವರಾತ್ಮ. ಬೆಂಗಳೂರಿಂದು, 2002ರಾಗ ಶುರುವಾಗಿದ್ದು. ಹಾಡೋನು ವಾಸು ದೀಕ್ಷಿತ್. ಗಿಟಾರಿನ ಜೋಡಿ ಪಿಟೀಲೂ ಬಾರಿಸ್ತಾರ, ಬಣ್ಣಬಣ್ಣದ ಅರಿವಿ ಹಾಕ್ಕೊಂಡು ಬಯಲಾಟದೋರಂಗ ಕುಣೀತಾರ. 2009ಕ್ಕ ಮೊದಲನೇ ಆಲ್ಬಮ್, 2012ಕ್ಕ 'ಟೋಪಿವಾಲೆ' ಅಂತ ಎರಡನೇದು. ದೊಡ್ಡ ಶಹರದ ಸಂಗೀತ ಮೇಳದಾಗ ಅವರ ಹೆಸರದ, ಅಷ್ಟೇ. ನಮ್ಮ ಟಿವ್ಯಾಗ ಬರಲಿಲ್ಲ, ಚೌಡಾಪುರ ಕ್ರಾಸಿನ ಚಾ ಅಂಗಡ್ಯಾಗ ಯಾರೂ ಹಚ್ಚಲಿಲ್ಲ. ಸಿನಿಮಾದ ಹಾಡಲ್ಲದಿದ್ರ ನಮ್ಮ ಕಡಿ ಯಾರು ಕೇಳ್ತಾರ?

ನನಗ ಕೇಳಿಸಿದಾಕಿ ಮಗಳು. ಬೆಂಗಳೂರಾಗ ಆಕಿ ಮನ್ಯಾಗ ಕಾಯಿಪಲ್ಯ ಹೆಚ್ಚಕೋತ ಕುಂತಿದ್ದೆ. ಇಂಗ್ಲೆಂಡಿನ್ಯಾಗ 1970ರ ದಶಕದಾಗ ಕೆಲಸಿಲ್ಲದ ಹುಡುಗರು ಹಿಂಗೇ ಸಿಟ್ಟಿನ ಹಾಡು ಕಟ್ಟಿದ್ರಂತ, ಅದರಾಗ ಎಷ್ಟೋ ತಂಡಕ್ಕ ಹೆಸರೇ ಬರಲಿಲ್ಲಂತ, ಆಕಿ ಹೇಳಕೋತ ಹೋದಳು. ನನಗ ಅದೆಲ್ಲ ಬ್ಯಾಡಾಗಿತ್ತು. ಸಿಟ್ಟಿನ ಹಾಡು ಕೇಳಲಾಕ ಇಂಗ್ಲೆಂಡಿಗ್ಯಾಕ ಹೋಗಬೇಕು? ನಮ್ಮ ಕಡಕೋಳ ಮಡಿವಾಳಪ್ಪನ ತತ್ವಪದದಾಗ ಇಲ್ಲೇನು? ಏಕತಾರಿ, ದಮ್ಮಡಿ ಹಿಡಕೊಂಡು ರಾತ್ರಿಪೂರಾ ಹಾಡೋ ನಮ್ಮ ಮಂದೀನ ಯಾವ ಟಿವಿಯೋರು ಕರದಾರ?

ಆಮ್ಯಾಲ 'ಪ್ಯಾಸಿ' ಹಚ್ಚಿದಳು. ಕಾವೇರಿ ತಾನೇ ಮಾತಾಡಿದಂಗದ ಆ ಹಾಡು. ನೀರಿಗಾಗಿ ಎರಡೂ ಕಡಿಯೋರು ಬಡದಾಡಿದ್ರ, ಹೊಳಿಗಿ ಏನನಸ್ತದಂತ ಕೇಳೋರು ಯಾರು? ನನಗ ನಮ್ಮ ಭೀಮಾನೇ ನೆನಪಾದಳು. ಬ್ಯಾಸಗಿ ಬಂದ್ರ ಸೊನ್ನ ಬ್ಯಾರೇಜಿನ ಕಡಿ ನೋಡೋದು, ಉಜನಿ ಡ್ಯಾಮಿಂದ ನೀರು ಬಿಟ್ರೇನಂತ ಕಾಯೋದು. ಗಾಣಗಾಪುರ ಸಂಗಮದಾಗ ಮುಳುಗಲಾಕ ನೀರಿಲ್ಲದೆ ಮಂದಿ ತಂಬಿಗಿಲೆ ಮೈಮ್ಯಾಲ ಹಾಕ್ಕೊಂಡಿದ್ದು ನಾವೆಲ್ಲ ನೋಡೀವಿ.

ಖರೇ ಹೇಳಬೇಕಂದ್ರ ನಾ ಬರಿಯಲಾಕ ಕುಂತಿದ್ದು ಇನ್ನೊಂದು ಹಾಡಿನ ಸಲುವಾಗಿ. 'ಗುಮ್' ಅಂತ, 'ಟೋಪಿವಾಲೆ' ಆಲ್ಬಮ್ಮಿನ್ಯಾಗಿಂದು. ಸಣ್ಣ ಮಕ್ಕಳ ಮ್ಯಾಲ ದೊಡ್ಡೋರು ಮಾಡೋ ಹೊಲಸು ಕೆಲಸದ ಮ್ಯಾಲದ ಅದು. ಹಿಂದಿ ಹಾಡು, ನಮ್ಮ ಕಡಿಯೋರಿಗಿ ಹಿಂದಿ ತಿಳೀತದಲ್ಲ. ಕೇಳಿದ ಮ್ಯಾಲ ಈಳಿಗಿ ಮಣಿ ಸರಿಸಿ ಸುಮ್ಮ ಕುಂತೆ. ಮಗಳು "ಯಾಕವ್ವ?" ಅಂದ್ರ ಹೇಳಲಿಲ್ಲ.

ಇಲ್ಲಿ ಹೇಳತೀನಿ. ನಾ ಹತ್ತು ಹನ್ನೊಂದು ವರ್ಷದಾಕಿ ಇದ್ದಾಗ ನಮ್ಮ ಮನಿಗಿ ಒಬ್ಬ ಸಂಬಂಧಿಕ ಬರ್ತಿದ್ದ. ಅವ ಬಂದಾಗೆಲ್ಲ ನನ್ನ ವಾರಗಿ ಹುಡುಗಿ ಒಬ್ಬಾಕಿ ಜ್ವಾಳದ ಚೀಲದ ಹಿಂದ ಹೋಗಿ ಕುಂದರ್ತಿದ್ಲು. ದೊಡ್ಡೋರೆಲ್ಲ "ಇಕಿ ಭಾಳ ನಾಚಗೊಳ್ತಾಳ" ಅಂತ ನಕ್ಕು, ಆಕಿನ ಕೈಹಿಡದು ಎಳಕೊಂಡು ಬಂದು "ಕಾಕಾಗ ನೀರು ಕೊಡವ" ಅಂತಿದ್ರು. ನಾನೂ ನಕ್ಕೀನಿ. ಆಕಿ ತಾನೇ ಬಾಯಿ ಬಿಟ್ಟಿದ್ದು ನಲವತ್ತು ವರ್ಷಾದ ಮ್ಯಾಲ, ನನ್ನ ಮುಂದ ಒಬ್ಬಾಕಿ ಮುಂದ. ಯಾರಂತ ಕೇಳಬ್ಯಾಡ್ರಿ, ಫೋನ್ ಮಾಡಬ್ಯಾಡ್ರಿ. ಅವ ಸತ್ತು ಎಷ್ಟೋ ವರ್ಷಾಯ್ತು.

ಇಂಥ ಹಾಡು ಯಾವ ಮದಿವಿ ಮನ್ಯಾಗ ಹಚ್ತಾರ? ಯಾರು ಕುಣೀತಾರ? ಅದಕ್ಕೇ ಆ ತಂಡಕ್ಕ ಮನಿಮನಿ ಹೆಸರು ಬರಲಿಲ್ಲಂತ ನನಗನಸ್ತದ. ಮಗಳು "ಅವರ ಹಾಡೆಲ್ಲ ಚಲೋ ಇಲ್ಲವ್ವ, ಒಂದಿಷ್ಟು ಉದ್ದ ಎಳೀತಾರ" ಅಂತಾಳ. ಇರಲಿ. ನಾವು ಮಾಡೋ ಉಪ್ಪಿಟ್ಟು ದಿನಾ ಹದ ಇರ್ತದೇನು?

ಅದೇ 2012ರಾಗ ಪೋಕ್ಸೊ ಕಾಯ್ದೆನೂ ಬಂತು. 1098ಕ್ಕ ಫೋನ್ ಹಚ್ಚಿದ್ರ ಮಕ್ಕಳ ಸಲುವಾಗಿ ಮಂದಿ ಬರ್ತಾರ. ಆದ್ರ ಫೋನ್ ಹಚ್ಚೋಕಿಂತ ಮೊದಲ ಕೂಸು ಹೇಳಬೇಕಲ್ಲ, ಕೂಸು ಹೇಳಬೇಕಂದ್ರ ನಾವು ಕೇಳಬೇಕಲ್ಲ. ನಮ್ಮ ಮನ್ಯಾಗ ಈ ಮಾತು ಹೆಂಗ ತಗೀಬೇಕಂತ ನನಗ ಗೊತ್ತಿದ್ದಿಲ್ಲ. ಆ ಹಾಡು ಹಚ್ಚಿದೆ.

ಹೋದ ಐತವಾರ ಮೊಮ್ಮಗಳು ಬಂದಿದ್ಲು, ಎಂಟು ವರ್ಷದಾಕಿ. ಮನಿಗಿ ಬಂದೋರೊಬ್ಬರು "ಬಾ, ತೊಡಿ ಮ್ಯಾಲ ಕುಂದರು" ಅಂದ್ರು. ಆಕಿ ಒಲ್ಲೆ ಅಂದಳು. ಅವರಿಗಿ ಸಿಟ್ಟು ಬಂತು, ಅತ್ತಿಗಿ ನನ್ನ ಮಾರಿ ನೋಡಿದ್ರು. "ಒಲ್ಲೆ ಅಂದ್ರ ಬಿಡ್ರಿ, ಚಾ ಕುಡೀರಿ" ಅಂತ ಅಂದು ನಾ ಕಪ್ಪು ಮುಂದಿಟ್ಟೆ.