ಕೈ ಹಾಕಲಾಗದ ಮೂಟೆ

ಆನ್‌ಲೈನ್ ಮಾರಾಟದ ನೌಕರಿ ಇಸ್ಲಾಮಿಗೆ ಒಪ್ಪಿತವೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕೇಳಲಿ. ದುಡಿದ ದುಡ್ಡು ಶುದ್ಧವೇ ಎಂದು ಯೋಚಿಸುವವರು ಯಾವ ಮತದಲ್ಲಿಯೇ ಇರಲಿ, ಇಂದಿನ ಕಾಲಕ್ಕೆ ಅಪರೂಪದ ಜನ. ಆದರೆ ಪ್ರಶ್ನೆ ಕೇಳುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಕಂಪನಿಯ ಸರಕಿನ ಪಟ್ಟಿಯಲ್ಲಿ ಮದ್ಯವಿದೆಯೇ, ಹಂದಿಯ ಕೊಬ್ಬು ಬೆರೆತ ಪದಾರ್ಥವಿದೆಯೇ, ಕಂತಿನ ಮೇಲೆ ಬಡ್ಡಿ ಇದೆಯೇ, ಇಷ್ಟನ್ನು ವಿಚಾರಿಸಿ, ಇಲ್ಲವೆಂದು ತಿಳಿದೊಡನೆ ನೆಮ್ಮದಿಯಿಂದ ನಿದ್ರೆ ಮಾಡುವವರಿದ್ದಾರೆ. ಈ ಮೂರೂ ಕೇಳಬೇಕಾದ ಪ್ರಶ್ನೆಗಳೇ ಸರಿ. ನಾಲ್ಕನೆಯದೊಂದು ಉಂಟು: ನಾನು ಗಿರಾಕಿಗೆ ಹೇಳುತ್ತಿರುವ ಮಾತು ನಿಜವೇ? ಇದನ್ನು ಬಿಟ್ಟು ಉಳಿದವನ್ನು ಕೇಳುವುದೆಂದರೆ ಹಿತ್ತಲ ಕಿಟಕಿಗೆ ಚಿಲಕ ಹಾಕಿ ತಲೆಬಾಗಿಲನ್ನು ತೆರೆದಿಟ್ಟ ಹಾಗೆ.

ವಿಷಯ ದೂರದ್ದೇನಲ್ಲ. ಶಿವಮೊಗ್ಗದ ಆಲ್ಕೊಳ ವೃತ್ತದಲ್ಲಿ ಸಂಜೆ ಹೊತ್ತು ನಿಂತು ನೋಡಿ. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಧಾವಿಸುವ ಹುಡುಗರು ಕಾಣುತ್ತಾರೆ. ಕಾಣದವರು ಮನೆಗಳೊಳಗಿದ್ದಾರೆ: ಮೊಬೈಲಿನಲ್ಲಿಯೇ ಬುರ್ಖಾ, ಅತ್ತರು, ಮಕ್ಕಳ ಬಟ್ಟೆ ಮಾರುವ ಹೆಂಗಸರು, ಎಲ್ಲಿಯದೋ ಕಂಪನಿಗೆ ಸರಕಿನ ವರ್ಣನೆ ಬರೆದುಕೊಡುವ ಪದವೀಧರರು. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಹೊರಬಿತ್ತು. ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ ನಿಂತುಹೋದುವು. ಹೀಗಿರುವಾಗ ಕೈಗೆ ಸಿಕ್ಕ ಕೆಲಸವನ್ನು ಬಿಟ್ಟುಬಿಡು ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ. ಆ ಉಪದೇಶ ನನ್ನದಲ್ಲ. ನಾನು ಮೌಲ್ವಿಯಲ್ಲ, ಫತ್ವಾ ಕೊಡಲು ಬಂದವನೂ ಅಲ್ಲ.

ನಮ್ಮೂರ ಅಡಿಕೆ ಮಂಡಿಯನ್ನು ಬಲ್ಲವರಿಗೆ ವ್ಯಾಪಾರದ ಮೊದಲ ಪಾಠವನ್ನು ಹೇಳಿಕೊಡಬೇಕಾಗಿಲ್ಲ. ಚೀಲದ ಬಾಯಿ ಬಿಚ್ಚಿಸಿ ಒಳಗೆ ಕೈ ಹಾಕಬೇಕು. ಮೇಲೆ ರಾಶಿ ಅಡಿಕೆ, ಕೆಳಗೆ ಗೊರಬಲು ಇದ್ದರೆ ಬೆರಳಿಗೆ ತಿಳಿದುಹೋಗುತ್ತದೆ. ಪೈಗಂಬರ ಮುಹಮ್ಮದರನ್ನು ಕುರಿತ ಪ್ರಸಿದ್ಧ ಹದೀಸೊಂದರಲ್ಲಿ ಇಂಥದೇ ಪ್ರಸಂಗವಿದೆ. ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಕ್ಕೆ ಅವರು ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದದ್ದನ್ನು ಜನಕ್ಕೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಕೇಳಿ, ಮೋಸ ಮಾಡುವವನು ತಮ್ಮವನಲ್ಲವೆಂದರು. ನೆನೆದ ಧಾನ್ಯವನ್ನು ಮಾರಬಾರದೆಂದು ಅವರು ಹೇಳಲಿಲ್ಲ, ಮುಚ್ಚಿಡಬಾರದೆಂದರು. ಮೊಬೈಲಿನ ಗಿರಾಕಿಗೆ ಮೂಟೆಯೊಳಗೆ ಕೈ ಹಾಕುವ ಉಪಾಯವೇ ಇಲ್ಲ. ಆದ್ದರಿಂದ ಗಿರಾಕಿಯ ಕೈ ಮಾಡಬೇಕಾದ ಕೆಲಸವನ್ನು ಇಲ್ಲಿ ಮಾರುವವನ ಮಾತೇ ಮಾಡಬೇಕು. ಇಡೀ ನೀತಿಯ ತಿರುಳು ಇಷ್ಟೇ.

‘ಅದು ಒಂಟೆಯ ಕಾಲ, ಇದು ಮೊಬೈಲಿನ ಕಾಲ, ಹಳೆಯ ಕಟ್ಟಳೆ ಇಲ್ಲಿ ಹೇಗೆ ನಡೆದೀತು?’ ಎನ್ನುವ ಬುದ್ಧಿವಂತರಿದ್ದಾರೆ. ಕಣ್ಣೆದುರಿಗಿಲ್ಲದ ಸರಕಿನ ವ್ಯಾಪಾರವೇನೂ ಹೊಸದಲ್ಲ. ಮದೀನಾದಲ್ಲಿ ಮುಂದಿನ ವರ್ಷದ ಫಸಲಿಗೆ ಮುಂಗಡ ಹಣ ಕೊಡುವ ರೂಢಿಯಿತ್ತು. ಅಳತೆ, ತೂಕ, ಗಡುವು ಮೂರೂ ಖಚಿತವಾಗಿರಲಿ ಎಂಬ ಕರಾರಿನ ಮೇಲೆ ಪೈಗಂಬರರು ಅದನ್ನು ಒಪ್ಪಿದರು. ಸಲಮ್ ಎಂಬ ಕರಾರು ಇದೇ. ಶಿವಮೊಗ್ಗದ ಮುಸ್ಲಿಮರಲ್ಲಿ ಬಹುಪಾಲು ಅನುಸರಿಸುವ ಹನಫೀ ಪಂಥವು, ನೋಡದೆ ಕೊಂಡವನಿಗೆ ನೋಡಿದ ಮೇಲೆ ಬೇಡವೆನ್ನುವ ಹಕ್ಕನ್ನೂ ಕೊಟ್ಟಿದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸುವುದಕ್ಕಾಗಿ ಸವಾಲಿನಲ್ಲಿ ಕೂಗುವುದನ್ನು ನಜಶ್ ಎಂದು ಕರೆದು ನಿಷೇಧಿಸಲಾಗಿದೆ. ಕೊಳ್ಳದವನ ಕೈಯಿಂದ ಐದು ನಕ್ಷತ್ರ ಬರೆಸುವ ಇಂದಿನ ಕಸುಬು ಇದರ ಮರಿಮಗನಲ್ಲದೆ ಮತ್ತೇನು? ಸರ್ಕಾರದ ಕಣ್ಣು ತೆರೆದದ್ದು ತಡವಾಗಿ. ಮಾರುವವನು ಗಿರಾಕಿಯ ವೇಷ ಹಾಕಿ ಹೊಗಳಿಕೆ ಬರೆಯಬಾರದೆಂಬ ನಿಯಮ 2020ರಲ್ಲಿ ಬಂತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಮೊದಲಾದ 13 ತಂತ್ರಗಳನ್ನು ಹೆಸರಿಸಿ ಕೇಂದ್ರ ಸರ್ಕಾರ ನಿಷೇಧಿಸಿದ್ದು 2023ರ ನವೆಂಬರಿನಲ್ಲಿ. ನಂಬಿಕೆಯುಳ್ಳವನಿಗೆ ಈಗ ಎರಡು ಕಟ್ಟಳೆಗಳು. ಎರಡೂ ಒಂದೇ ಮಾತನ್ನು ಹೇಳುತ್ತಿವೆ.

ಇನ್ನು ನೌಕರನ ಸಮಾಧಾನ: ‘ಧಣಿ ಬರೆ ಅಂದರು, ಬರೆದೆ, ಪಾಪ ಅವರದು.’ ಹನಫೀ ಪಂಥಕ್ಕೆ ಹೆಸರು ಕೊಟ್ಟ ಇಮಾಮ್ ಅಬೂ ಹನೀಫಾ ಕೂಫಾ ನಗರದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದವರು. ಅವರು ಪಾಲುದಾರನ ಕೈಯಲ್ಲಿ ಸರಕು ಕಳಿಸುವಾಗ, ಇಂಥ ಬಟ್ಟೆಯಲ್ಲಿ ದೋಷವಿದೆ, ಹೇಳಿ ಮಾರು ಎಂದಿದ್ದರಂತೆ. ಪಾಲುದಾರ ಮರೆತ. ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮರೆವಿಗೇ ಇಷ್ಟು ದಂಡ ಕಟ್ಟಿದರೆ, ತಿಳಿದೂ ತಿಳಿದೂ ಮುಚ್ಚಿಟ್ಟವನ ಲೆಕ್ಕವೆಷ್ಟು? ಪಾಪದ ಕೆಲಸದಲ್ಲಿ ಪರಸ್ಪರ ನೆರವಾಗಬೇಡಿ ಎಂಬುದು ಕುರ್‌ಆನಿನ ವಿಧಿ. ಆದರೆ ಎಲ್ಲರ ಪಾಲೂ ಒಂದೇ ಅಲ್ಲ. ಒಳಗೇನಿದೆಯೆಂದು ತಿಳಿಯದೆ ಪೊಟ್ಟಣ ಹೊರುವ ಹುಡುಗನನ್ನೂ, ಉಗ್ರಾಣದಲ್ಲಿ ಸಾವಿರ ಬಿದ್ದಿರುವಾಗ ‘ಎರಡೇ ಉಳಿದಿವೆ’ ಎಂದು ಬರೆಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಬರೆಯುವವನು ನೌಕರಿಯನ್ನು ಬಿಡಬೇಕಾಗಿಲ್ಲ; ಆ ಒಂದು ವಾಕ್ಯವನ್ನು ಬರೆಯಲಾರೆ ಎಂದರೆ ಸಾಕು. ಅದಕ್ಕೆ ಬೆಲೆ ತೆರಬೇಕಾಗಬಹುದು, ಬಡ್ತಿ ತಪ್ಪಬಹುದು. ಸತ್ಯವಂತನಿಗೆ ಲಾಭವೇ ಬರುತ್ತದೆಂದು ನಂಬಿಸಿ ನಾನು ಮತ್ತೊಂದು ಸುಳ್ಳು ಸರಕನ್ನು ಮಾರಲಾರೆ.

ಮನೆಯಲ್ಲಿ ಕುಳಿತು ಮಾರುವ ತಾಯಂದಿರ ತೊಡಕು ಬೇರೆ. ಸರಕು ಅವರಲ್ಲಿಲ್ಲ, ಆರ್ಡರ್ ಬಂದ ಮೇಲೆ ಸೂರತ್ತಿನಿಂದಲೋ ಬೆಂಗಳೂರಿನಿಂದಲೋ ನೇರವಾಗಿ ಗಿರಾಕಿಗೆ ಹೋಗುತ್ತದೆ. ತನ್ನಲ್ಲಿಲ್ಲದ್ದನ್ನು ಮಾರಿ ಆಮೇಲೆ ಪೇಟೆಯಿಂದ ತಂದುಕೊಡಬಹುದೇ ಎಂದು ಹಕೀಮ್ ಬಿನ್ ಹಿಜಾಮ್ ಕೇಳಿದಾಗ, ಕೂಡದು ಎಂಬ ಉತ್ತರ ಬಂದದ್ದು ಹದೀಸಿನಲ್ಲಿದೆ. ಹಾಗೆಂದು ದಾರಿ ಮುಚ್ಚಿಲ್ಲ. ‘ಸರಕು ಇಂಥವರದು, ನಾನು ಮಧ್ಯಸ್ಥಳು, ನನ್ನ ದಲ್ಲಾಳಿ ಇಷ್ಟು’ ಎಂದು ಬಾಯಿಬಿಟ್ಟು ಹೇಳಿದರೆ ಪ್ರತಿನಿಧಿಯಾಗಿ ದುಡಿಯಬಹುದು. ನಮ್ಮ ಮಂಡಿಯ ದಲ್ಲಾಳಿಗಳು ತಲೆಮಾರುಗಳಿಂದ ಮಾಡುತ್ತ ಬಂದದ್ದೂ ಇದನ್ನೇ.

ಧಣಿಗಳಿಗೂ ಒಂದು ಮಾತು. ರಂಜಾನಿನಲ್ಲಿ ಜಕಾತ್ ಹಂಚಿ, ಸರಕು ಮುಟ್ಟಿಸುವ ಹುಡುಗನ ಕೂಲಿಯನ್ನು ತಿಂಗಳುಗಟ್ಟಲೆ ತಡೆಹಿಡಿಯುವ ಪುಣ್ಯವಂತರು ಇಲ್ಲದಿಲ್ಲ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಹದೀಸು ಅವರಿಗೂ ಬಾಯಿಪಾಠವಿದೆ. ಇಂಥ ದುಡಿಮೆಗಾರರ ಕ್ಷೇಮನಿಧಿಗಾಗಿ, ಕಂಪನಿಯು ಪ್ರತಿ ವಹಿವಾಟಿನಲ್ಲಿ ಅವರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕೆಂದು ಕರ್ನಾಟಕ 2025ರಲ್ಲಿ ಕಾನೂನು ಮಾಡಿತು. ಧರ್ಮ ಹೇಳಿದಾಗ ಬಿಚ್ಚದ ಕೈಯನ್ನು ಕಾನೂನು ಬಂದು ಬಿಚ್ಚಿಸಬೇಕಾಯಿತು.

ಕಡೆಯದಾಗಿ ನಾವು, ಕೊಳ್ಳುವವರು. ಹಬ್ಬಕ್ಕೋ ಮದುವೆಗೋ ಬಟ್ಟೆ ತರಿಸಿ, ಉಟ್ಟು ಮೆರೆದು, ಮರುದಿನ ಇಸ್ತ್ರಿ ಹಾಕಿ ‘ಅಳತೆ ಸರಿಯಿಲ್ಲ’ ಎಂದು ಹಿಂದಿರುಗಿಸುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅಳೆದುಕೊಳ್ಳುವಾಗ ತುಂಬ, ಅಳೆದುಕೊಡುವಾಗ ಕೊರೆ ಮಾಡುವವರನ್ನು ಕುರ್‌ಆನಿನ 83ನೆಯ ಅಧ್ಯಾಯ ಉಗ್ರವಾಗಿ ಖಂಡಿಸುತ್ತದೆ. ಆ ಖಂಡನೆ ಅಂಗಡಿಯವನಿಗೆ ಮಾತ್ರ ಮೀಸಲೆಂದು ತಿಳಿಯಬೇಡಿ.

ಈ ನೌಕರಿ ಹಲಾಲೇ ಎಂದು ನಾಳೆ ಹುಡುಗನೊಬ್ಬ ಕೇಳಿದರೆ, ಹಿರಿಯರು ಕಂಪನಿಯ ಹೆಸರನ್ನು ವಿಚಾರಿಸಿ ಸುಮ್ಮನಾಗದಿರಲಿ. ನಿನ್ನೆ ಗಿರಾಕಿಗೆ ನೀನು ಬರೆದದ್ದೇನು, ಅದನ್ನು ನಿನ್ನ ತಾಯಿಗೆ ಮಾರುವಾಗಲೂ ಹಾಗೆಯೇ ಬರೆಯುತ್ತಿದ್ದೆಯಾ, ಎಂದು ಕೇಳಲಿ. ಉತ್ತರ ಅವನಿಗೇ ಗೊತ್ತಿರುತ್ತದೆ.